ಹತ್ತು ರೂಪಾಯಿ ಷೇರು ಅಗ್ಗ ಅಂತ ಯಾರು ಹೇಳಿದ್ದು?

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಬರುವವರಿಗೆ ನಾನು ಬ್ಯಾಂಕಿನಲ್ಲಿದ್ದವನು ಅಂತ ಗೊತ್ತು. ಹೊಸದಾಗಿ ಡಿಮ್ಯಾಟ್ ಖಾತೆ (ಷೇರು ಇಡುವ ಖಾತೆ) ತೆರೆದವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಹತ್ತು ರೂಪಾಯಿ ಒಳಗೆ ಒಳ್ಳೆ ಷೇರು ಯಾವ್ದಿದೆ ಸಾರ್?"

ಮಂಡ್ಯದಲ್ಲಿರುವ ನನ್ನ ಅಕ್ಕನ ಮಗನದೂ ಅದೇ ಲೆಕ್ಕ. "ಸಾವ್ರ ರೂಪಾಯ್ಗೆ ನೂರು ಷೇರು ಬತ್ತವೆ ಮಾವ. ಎಂಆರ್‌ಎಫ್ ಆದ್ರೆ ಒಂದೂ ಬರಲ್ಲ. ಹತ್ತು ಇಪ್ಪತ್ತಾಗೋದು ಸುಲಭ ಅಲ್ವಾ?"

ಸುಲಭ ಅಲ್ಲ. ಷೇರಿನ ಬೆಲೆಯೊಂದನ್ನೇ ನೋಡಿದರೆ ಕಂಪನಿ ಅಗ್ಗವೋ ದುಬಾರಿಯೋ ತಿಳಿಯುವುದಿಲ್ಲ. ಒಟ್ಟು ಎಷ್ಟು ಷೇರುಗಳಿವೆ ಅಂತಲೂ ನೋಡಬೇಕು. ಎಂಆರ್‌ಎಫ್ ಷೇರು 2023ರ ಜೂನ್‌ನಲ್ಲಿ ಒಂದು ಲಕ್ಷ ರೂಪಾಯಿ ಮುಟ್ಟಿತು. ಆದರೆ ಅದರ ಷೇರುಗಳಿರುವುದೇ ಸುಮಾರು 42 ಲಕ್ಷ. ಗುಣಿಸಿದರೆ ಇಡೀ ಕಂಪನಿಯ ಬೆಲೆ ಸುಮಾರು 42,000 ಕೋಟಿ. ಈಗ ವೊಡಾಫೋನ್ ಐಡಿಯಾ ನೋಡಿ. 2025ರಲ್ಲಿ ಸರ್ಕಾರ ತನಗೆ ಬರಬೇಕಿದ್ದ ಬಾಕಿಯಲ್ಲಿ ಒಂದು ಭಾಗಕ್ಕೆ ಷೇರು ತೆಗೆದುಕೊಂಡ ಮೇಲೆ ಅದರ ಷೇರುಗಳು 10,000 ಕೋಟಿ ದಾಟಿದವು. ಒಂದಕ್ಕೆ ಹತ್ತು ರೂಪಾಯಿ ಅಂತ ಹಿಡಿದರೂ ಒಂದು ಲಕ್ಷ ಕೋಟಿ! ಹತ್ತು ಇಪ್ಪತ್ತಾಗಬೇಕಾದರೆ ಇನ್ನೊಂದು ಲಕ್ಷ ಕೋಟಿ ಸೇರಬೇಕು. ನಮ್ಮ ಹುಡುಗನಿಗೆ ಕೇಳಿದೆ, ಬೆಲ್ಲ ಕೊಳ್ಳುವಾಗ ಅಚ್ಚು ಎಣಿಸ್ತೀಯೋ, ತೂಕ ನೋಡ್ತೀಯೋ?

ಈ ಒಟ್ಟು ಬೆಲೆಗೇ ಮಾರ್ಕೆಟ್ ಕ್ಯಾಪ್ ಅನ್ನುವುದು. ಷೇರು ಪೇಟೆ ಎನ್‌ಎಸ್‌ಇಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ.

ಈ ಎಣಿಕೆಯ ಮೋಹ ಬ್ಯಾಂಕಿನವರನ್ನೂ ಬಿಟ್ಟಿರಲಿಲ್ಲ. 2017ರ ಏಪ್ರಿಲ್ 1ರಂದು ನಮ್ಮ ಮೈಸೂರು ಬ್ಯಾಂಕ್ ಎಸ್‌ಬಿಐ ಜೊತೆ ವಿಲೀನವಾಯಿತು. ನಮ್ಮ 10 ಷೇರಿಗೆ ಎಸ್‌ಬಿಐನ 22 ಷೇರು ಕೊಟ್ಟರು. ದುಡ್ಡು ಎರಡರಷ್ಟಾಯಿತು ಅಂತ ಕುಣಿದವರಿದ್ದರು. ನಮ್ಮ ಒಂದು ಷೇರಿನ ಬೆಲೆ ಎಸ್‌ಬಿಐ ಷೇರಿನ ಎರಡರಷ್ಟು ಇತ್ತು ಅನ್ನುವುದನ್ನು ಅವರು ನೋಡಲೇ ಇಲ್ಲ. ಬ್ಯಾಂಕಿನ ಹೆಸರು ಹೋಯಿತಲ್ಲ ಅಂತ ನನಗಿದ್ದ ಬೇಜಾರು ಬೇರೆ, ಅದು ಬಿಡಿ.

ಬರೀ ಹತ್ತು ರೂಪಾಯಿ ನೋಡಿ ಹುಡುಕಲು ಹೊರಟರೆ ಹೆಸರೇ ಕೇಳಿರದ ಸಣ್ಣ ಕಂಪನಿಗಳೂ ಸಿಗುತ್ತವೆ. ಅಲ್ಲಿ ಇನ್ನೊಂದು ತೊಂದರೆ. ಇಂಥ ಎಷ್ಟೋ ಷೇರುಗಳಿಗೆ ದಿನಕ್ಕೆ 5% ಸರ್ಕ್ಯೂಟ್ ಮಿತಿ ಇರುತ್ತದೆ, ಅಂದರೆ ಬೆಲೆ ಒಂದು ದಿನದಲ್ಲಿ ಅದಕ್ಕಿಂತ ಹೆಚ್ಚು ಏರುವಂತಿಲ್ಲ, ಇಳಿಯುವಂತಿಲ್ಲ. ಕೆಟ್ಟ ಸುದ್ದಿ ಬಂದರೆ ಬೆಳಿಗ್ಗೆ 9:15ಕ್ಕೆ ಪೇಟೆ ತೆರೆದ ಕೂಡಲೇ ಲೋಯರ್ ಸರ್ಕ್ಯೂಟ್, ಅಂದರೆ ಆ ದಿನದ ತಳ ಮುಟ್ಟಿರುತ್ತದೆ. ಮಾರುವವರು ಸಾಲುಗಟ್ಟಿರುತ್ತಾರೆ, ಕೊಳ್ಳುವವರೇ ಇರುವುದಿಲ್ಲ. ಮಾರನೇ ದಿನವೂ ಅದೇ ಕಥೆ. ಟೆಲಿಗ್ರಾಮ್‌ನಲ್ಲಿ ಹೆಸರು ಹೇಳಿಕೊಟ್ಟವನು ಅಷ್ಟರಲ್ಲಿ ಮಾರಿ ಹೋಗಿರುತ್ತಾನೆ. ಸಲಹೆ ಕೊಡುವವರು ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿರಬೇಕು. ರಿಸರ್ಚ್ ಅನಲಿಸ್ಟ್ ಆದರೆ ನೋಂದಣಿ ಸಂಖ್ಯೆ ಐಎನ್‌ಎಚ್ ಅಂತ, ಇನ್ವೆಸ್ಟ್‌ಮೆಂಟ್ ಅಡ್ವೈಸರ್ ಆದರೆ ಐಎನ್‌ಎ ಅಂತ ಶುರುವಾಗುತ್ತದೆ. ಕೇಳಿ ನೋಡಿ, ಬಹಳ ಜನ ಅಲ್ಲೇ ಮಾತು ಬದಲಿಸುತ್ತಾರೆ.

ಸಣ್ಣ ಮೊತ್ತಕ್ಕೆ ಖರ್ಚೂ ಜಾಸ್ತಿ. ಡೆಲಿವರಿಗೆ, ಅಂದರೆ ಅದೇ ದಿನ ಮಾರದೆ ಖಾತೆಯಲ್ಲಿ ಇಟ್ಟುಕೊಳ್ಳಲು, ಕೊಂಡರೂ ಆಮೇಲೆ ಮಾರಿದರೂ 0.1% ಎಸ್‌ಟಿಟಿ ಅನ್ನುವ ತೆರಿಗೆ ಇದೆ, ಅದು ಹೋಗಲಿ. ಮಾರುವ ದಿನ ಒಂದೊಂದು ಕಂಪನಿಗೂ ಡಿಪಿ ಚಾರ್ಜ್ (ಡಿಮ್ಯಾಟ್ ಖಾತೆಯಿಂದ ಷೇರು ತೆಗೆಯುವ ಶುಲ್ಕ) ಬೀಳುತ್ತದೆ. ಸಾಮಾನ್ಯವಾಗಿ ಹದಿನೈದು ರೂಪಾಯಿ ಆಸುಪಾಸು. ಇನ್ನೂರು ರೂಪಾಯಿ ಷೇರು ಮಾರಿ ಹದಿನೈದು ಕಟ್ಟಿದರೆ ಲಾಭ ಎಲ್ಲಿಂದ ಬಂತು?

ಷೇರು ಕೊಳ್ಳದೆ ಅದರ ಮುಂದಿನ ಬೆಲೆಯ ಮೇಲೆ ಒಪ್ಪಂದ ಮಾಡಿಕೊಳ್ಳುವ ಫ್ಯೂಚರ್ಸ್, ಆಪ್ಷನ್ಸ್ (ಎಫ್ ಆ್ಯಂಡ್ ಓ) ಬಗ್ಗೆ ಒಂದೇ ಮಾತು. 2024ರ ಮಾರ್ಚ್‌ವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಆ್ಯಂಡ್ ಓ ಆಡಿದ ಸಾಮಾನ್ಯ ಜನರಲ್ಲಿ 93% ಮಂದಿ ದುಡ್ಡು ಕಳೆದುಕೊಂಡರು ಅಂತ ಸೆಬಿಯೇ ಲೆಕ್ಕ ಕೊಟ್ಟಿದೆ. ಆ ಕಡೆ ತಲೆ ಹಾಕಬೇಡಿ.

ಮಗಳ ಮದುವೆ, ಕಾಲೇಜು ಫೀಸಿನ ದುಡ್ಡು ಎಫ್‌ಡಿಯಲ್ಲೇ ಇರಲಿ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 13% ಬಿತ್ತು. ಕಾದವರಿಗೆ ವಾಪಸ್ ಬಂತು, ಆ ವಾರವೇ ಫೀಸು ಕಟ್ಟಬೇಕಿದ್ದವರಿಗೆ ಬರಲಿಲ್ಲ. ಕಂಪನಿ ಆರಿಸುವ ಪುರುಸೊತ್ತಿಲ್ಲದವರು ತಿಂಗಳಿಗೆ ಐನೂರರಂತೆ ಐವತ್ತು ದೊಡ್ಡ ಕಂಪನಿಗಳ ಷೇರುಗಳನ್ನು ಒಟ್ಟಿಗೆ ಕೊಳ್ಳುವ ನಿಫ್ಟಿ 50 ಇಂಡೆಕ್ಸ್ ಫಂಡಿಗೆ ಹಾಕಿದರೂ ಸಾಕು.

ಅಕ್ಕನ ಮಗ ಒಂದು ಹೆಸರಾದರೂ ಹೇಳಿ ಅಂತ ಗಂಟುಬಿದ್ದ. ನಮ್ಮ ಹೂಟಗಳ್ಳಿಯ ಆಟೋಮೋಟಿವ್ ಆಕ್ಸಲ್ಸ್ ಕಂಪನಿಯ ವಾರ್ಷಿಕ ವರದಿ ಓದು ಅಂದೆ. ಕೊಳ್ಳಲು ಅಲ್ಲ, ಸುಮ್ನೆ ಓದಲು. ಮೈಸೂರಿಗೆ ಬಂದಾಗ ಅದರ ಗೇಟನ್ನಾದರೂ ನೋಡಿದ್ದಾನೆ. ಏನು ಮಾಡುತ್ತಾರೆ, ಯಾರಿಗೆ ಮಾರುತ್ತಾರೆ, ಸಾಲ ಎಷ್ಟು, ಒಂದು ಷೇರಿಗೆ ಲಾಭ ಎಷ್ಟು, ಇಷ್ಟು ಬರೆದುಕೊಂಡು ಬಾ ಅಂದಿದ್ದೇನೆ. ಪುಟ ಜಾಸ್ತಿ ಅಂತ ಗೊಣಗುತ್ತಿದ್ದಾನೆ.