ದಾರ ಕತ್ತರಿಸಿದ ಮೇಲೆ ಕ್ವೆರಿ ಓಡಿತು

ಮೈಸೂರಿನಲ್ಲಿ ಮ್ಯಾಪ್ ಡೇಟಾ ಕೆಲಸ ನನ್ನದು. ಒಮ್ಮೆ ಮಂಡ್ಯ ಕಡೆಯ ಕೆಲಸ ಬಂತು. ವಿಶ್ವೇಶ್ವರಯ್ಯ ನಾಲೆಯಿಂದ 50 ಮೀಟರ್ ಒಳಗೆ ಯಾವ ಯಾವ ಸರ್ವೆ ನಂಬರ್ ಬರುತ್ತವೆ, ಪಟ್ಟಿ ಕೊಡಿ ಅಂದರು. ಇಷ್ಟೇ ತಾನೆ ಅಂದುಕೊಂಡೆ.

ನಕ್ಷೆಯ ಆಕಾರಗಳನ್ನು ಇಡುವ ಡೇಟಾಬೇಸ್ ಪೋಸ್ಟ್‌ಜಿಐಎಸ್‌ನಲ್ಲಿ ಎರಡು ಟೇಬಲ್. ಒಂದರಲ್ಲಿ ಲಕ್ಷಕ್ಕೂ ಜಾಸ್ತಿ ಜಮೀನುಗಳು. ಇನ್ನೊಂದರಲ್ಲಿ ನಾಲೆ, ಸಾವಿರಾರು ಬಿಂದುಗಳ ಒಂದೇ ಉದ್ದನೆಯ ಗೆರೆ. ಎರಡನ್ನೂ ಮೀಟರ್‌ನಲ್ಲಿ ಅಳೆಯುವ ನಕ್ಷೆ ಪದ್ಧತಿಗೆ, ಅಂದರೆ ಯುಟಿಎಂ 43ನೇ ವಲಯಕ್ಕೆ ಬದಲಾಯಿಸಿಕೊಂಡಿದ್ದೆ. ಅಕ್ಷಾಂಶ ರೇಖಾಂಶದಲ್ಲೇ ಬಿಟ್ಟು 50 ಅಂತ ಕೊಟ್ಟರೆ ಅದು 50 ಡಿಗ್ರಿ ಅಂದುಕೊಳ್ಳುತ್ತದೆ, ಇಡೀ ಭಾರತವೇ ನಾಲೆ ಪಕ್ಕ ಬಂದು ನಿಲ್ಲುತ್ತದೆ. (ಆ ಪಾಠ ಹಿಂದೆಯೇ ಆಗಿತ್ತು.) ಬೇಗ ಹುಡುಕಲು ನೆರವಾಗುವ ಇಂಡೆಕ್ಸ್ ಕೂಡ ಹಾಕಿದ್ದೆ. ಸಂಜೆ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಹಚ್ಚಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಇನ್ನೂ ಓಡುತ್ತಲೇ ಇದೆ!

ನಮ್ಮ ಸೀನಿಯರ್ ಪಾಂಡವಪುರದವರು. ಸ್ವೀಟ್ ಡಬ್ಬಕ್ಕೆ ಕಟ್ಟಿದ್ದ ದಾರ ಬಿಚ್ಚಿ, ಎ4 ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಅಂಕುಡೊಂಕಾಗಿ ಇಟ್ಟರು.

"ಇದೇ ನಾಲೆ ಅಂದುಕೋ. ಇದರ ಸುತ್ತ ಒಂದು ಚೌಕಟ್ಟು ಎಳಿ."

ಎಳೆದೆ. ಹಾಳೆಯ ಅಂಚಿಗೇ ಬಂತು.

"ಈಗ ಚೌಕಟ್ಟಿನ ಹೊರಗೆ ಯಾವ ಗದ್ದೆ ಉಳೀತು ಹೇಳಪ್ಪ?"

ಒಂದೂ ಇಲ್ಲ.

ಇಂಡೆಕ್ಸ್ ಒಳಗಿರುವುದು ಆರ್-ಟ್ರೀ, 1984ರಲ್ಲಿ ಆಂಟೊನಿನ್ ಗಟ್‌ಮನ್ ಮುಂದಿಟ್ಟ ಉಪಾಯ. ಅದು ಆಕಾರವನ್ನೇ ನೋಡುವುದಿಲ್ಲ. ಪ್ರತಿಯೊಂದರ ಸುತ್ತ ಚೌಕಟ್ಟು ಹಾಕಿ, ಚೌಕಟ್ಟುಗಳನ್ನು ದೊಡ್ಡ ಚೌಕಟ್ಟಿನೊಳಗೆ ಗುಂಪು ಮಾಡಿಡುತ್ತದೆ. ತಾಗದ ಗುಂಪನ್ನು ಒಂದೇ ಏಟಿಗೆ ಬಿಟ್ಟುಬಿಡುತ್ತದೆ. ಸಣ್ಣ ಗದ್ದೆಗೆ ಇದು ಸರಿ. ಆದರೆ ಓರೆಯಾಗಿ ಹರಿಯುವ ನಾಲೆಯ ಚೌಕಟ್ಟಿನಲ್ಲಿ ನೀರಿಗಿಂತ ಖಾಲಿ ಜಾಗವೇ ಜಾಸ್ತಿ ಅಲ್ವಾ? ಹಾಗಾಗಿ ಏನನ್ನೂ ಬಿಡಲಾಗದೆ, ಮೈಲುಗಟ್ಟಲೆ ದೂರದ ಗದ್ದೆಯಿಂದಲೂ ಇಡೀ ಗೆರೆಗೆ ದೂರ ಅಳೆಯುತ್ತಾ ಕೂತಿತ್ತು.

ಅವರು ಕತ್ತರಿ ತಗೊಂಡು ದಾರವನ್ನು ಕಚಕಚ ಅಂತ ತುಂಡು ಮಾಡಿದರು. ಪ್ರತಿ ತುಂಡಿಗೂ ಪುಟ್ಟ ಚೌಕಟ್ಟು. ಹಾಳೆ ತುಂಬಾ ಖಾಲಿ.

ಪೋಸ್ಟ್‌ಜಿಐಎಸ್‌ನಲ್ಲಿ ಆಕಾರವನ್ನು ತುಂಡು ಮಾಡುವ ಎಸ್‌ಟಿ_ಸಬ್‌ಡಿವೈಡ್ ಬಳಸಿ ನಾಲೆಯನ್ನು ತುಂಡು ಮಾಡಿ, ಹೊಸ ಇಂಡೆಕ್ಸ್ ಹಾಕಿ ಮತ್ತೆ ಓಡಿಸಿದೆ. ಬಾಟಲಿಗೆ ನೀರು ಹಿಡಿದು ಬರುವಷ್ಟರಲ್ಲಿ ಮುಗಿದಿತ್ತು. ಖುಷಿಯಲ್ಲಿ ಎಕರೆ ಗುಂಟೆ ಕೂಡಿಸಿದರೆ, ಒಂದು ಹಳ್ಳಿಯ ಲೆಕ್ಕ, ಜಮೀನಿನ ವಿಸ್ತೀರ್ಣದ ಸರ್ಕಾರಿ ದಾಖಲೆಯಾದ ಆಕಾರ್‌ಬಂದ್‌ಗಿಂತ ಜಾಸ್ತಿ! ಎರಡು ತುಂಡು ಸೇರುವ ಕಡೆ ಇರುವ ಗದ್ದೆಗಳು ಎರಡೆರಡು ಸಲ ಬಂದಿದ್ದವು. ಒಂದೇ ಸಾಲು ಎರಡು ಸಲ ಬಾರದಂತೆ ಮಾಡುವ ಡಿಸ್ಟಿಂಕ್ಟ್ ಅನ್ನು ಕ್ವೆರಿಗೆ ಸೇರಿಸಿದೆ. ಪಟ್ಟಿ ಊಟಕ್ಕೆ ಮುಂಚೆ ಹೋಯಿತು.