ಒಂದೇ ಬ್ಯಾಗ್, ದೇಶಕ್ಕೊಂದು ಬೆಲೆ

ದೊಡ್ಡ ಫ್ಯಾಷನ್ ಬ್ರ್ಯಾಂಡ್‌ಗಳ ವೆಬ್‌ಸೈಟಿನಲ್ಲಿ ಮೂಲೆಯಲ್ಲೆಲ್ಲೋ ದೇಶ ಬದಲಾಯಿಸುವ ಒಂದು ಬಟನ್ ಇರುತ್ತದೆ. ಸುಮ್ನೆ ಒಮ್ಮೆ ಒತ್ತಿ ನೋಡಿ. ಫೋಟೋ ಅದೇ, ಮಾಡೆಲ್ ಅದೇ, ಬ್ಯಾಗೂ ಅದೇ. ಬೆಲೆ ಮಾತ್ರ ಬೇರೆ. ಸಾಮಾನ್ಯವಾಗಿ ಯುರೋಪಿನಲ್ಲಿ ಕಡಿಮೆ, ಚೀನಾದಲ್ಲಿ ಜಾಸ್ತಿ. ನನಗೆ ಇಂಥ ಬ್ಯಾಗ್ ಕೊಳ್ಳುವ ಹುಚ್ಚಿಲ್ಲ. ಆದರೆ ಅವುಗಳ ಬೆಲೆಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಹುಚ್ಚಿದೆ. ಜಾಹೀರಾತು, ರ‍್ಯಾಂಪ್ ಶೋ, ಸಿನಿಮಾ ತಾರೆಯರು, ಇದೆಲ್ಲ ನಮಗೆ ತೋರಿಸಲೆಂದೇ ಮಾಡಿದ್ದು. ಬ್ರ್ಯಾಂಡಿನ ತಲೆಯಲ್ಲಿ ಏನು ಓಡುತ್ತಿದೆ ಎಂದು ತಿಳಿಯಬೇಕಾದರೆ ಬೆಲೆಪಟ್ಟಿಯನ್ನೇ ನೋಡಬೇಕು.

ಈ ವ್ಯತ್ಯಾಸ ಯಾಕೆ ಎಂದು ಕೇಳಿದರೆ ಆಮದು ಸುಂಕ, ತೆರಿಗೆ, ಸಾಗಣೆ, ಅಂಗಡಿ ಬಾಡಿಗೆ ಎಂಬ ಉತ್ತರ ಬರುತ್ತದೆ. ಸರಿಯೇ. ಆದರೆ ಅಷ್ಟೇ ಅಲ್ಲ. ಫ್ರಾನ್ಸಿನಲ್ಲಿ ಟ್ಯಾಗ್ ಮೇಲಿನ ಬೆಲೆಯಲ್ಲಿ ಶೇ 20ರಷ್ಟು ವ್ಯಾಟ್ ಸೇರಿರುತ್ತದೆ, ಆದರೂ ಅಲ್ಲೇ ಅಗ್ಗ. ಹೊರಗಿನಿಂದ ಬಂದ ಪ್ರವಾಸಿಗೆ ಆ ತೆರಿಗೆಯಲ್ಲೂ ಒಂದು ಪಾಲು ವಾಪಸ್ ಸಿಗುತ್ತದೆ. ದೂರದ ದೇಶದ ಗಿರಾಕಿ ಪ್ಯಾರಿಸ್ ಎಂಬ ಹೆಸರಿಗೂ ಸೇರಿಸಿ ದುಡ್ಡು ಕೊಡುತ್ತಾನೆ ಎನ್ನುವ ಲೆಕ್ಕ ಮೊದಲಿನಿಂದಲೂ ಇತ್ತು. ಇದು ಲಕ್ಷುರಿಯವರ ಆಟ ಮಾತ್ರ ಎಂದುಕೊಳ್ಳಬೇಡಿ. ಸಾಮಾನ್ಯರ ಬಟ್ಟೆ ಬ್ರ್ಯಾಂಡ್ ಜಾರಾ ಕೂಡ ತನ್ನ ತವರಾದ ಸ್ಪೇನಿನಲ್ಲಿ ಕಡಿಮೆ ಬೆಲೆಗೆ, ಹೊರಗೆ ಜಾಸ್ತಿ ಬೆಲೆಗೆ ಮಾರುತ್ತಾ ಬಂದಿದೆ. ಒಂದು ಕಾಲದಲ್ಲಿ ಅವರ ಟ್ಯಾಗ್ ಮೇಲೆ ಹಲವು ದೇಶಗಳ ಬೆಲೆ ಸಾಲಾಗಿ ಅಚ್ಚಾಗಿರುತ್ತಿತ್ತು!

ಗಿರಾಕಿಗೆ ಹೋಲಿಸಿ ನೋಡಲು ದಾರಿ ಇಲ್ಲದಿದ್ದಷ್ಟು ಕಾಲ ಈ ಲೆಕ್ಕ ಚೆನ್ನಾಗಿಯೇ ನಡೆಯಿತು. ಆಮೇಲೆ ಜನ ವಿಮಾನ ಹತ್ತಿದರು, ಕೈಗೆ ಫೋನ್ ಬಂತು. ಚೀನಾದಲ್ಲಿ ದೈಗೋ ಎಂಬ ಒಂದು ಕಸುಬೇ ಹುಟ್ಟಿತು. ವಿದೇಶದಲ್ಲಿರುವ ವಿದ್ಯಾರ್ಥಿಗಳು, ಪ್ರವಾಸಿಗಳು ಊರಿನವರ ಆರ್ಡರ್ ಹಿಡಿದು ಅಲ್ಲೇ ಬ್ಯಾಗ್ ಕೊಂಡು, ಕಮಿಷನ್ ಇಟ್ಟುಕೊಂಡು ಕಳಿಸುವುದು. ಈಗ ಬ್ರ್ಯಾಂಡಿನ ಪಾಡು ಯೋಚಿಸಿ. ಶಾಂಘೈಯಲ್ಲಿ ಭಾರೀ ಬಾಡಿಗೆ ಕೊಟ್ಟು, ಅಮೃತಶಿಲೆ ಹಾಸಿ, ಸಿಬ್ಬಂದಿಗೆ ತರಬೇತಿ ಕೊಟ್ಟು ಅಂಗಡಿ ತೆರೆದಿದ್ದಾರೆ, ಗಿರಾಕಿ ಒಳಗೆ ಬಂದು ಬ್ಯಾಗನ್ನು ಹೆಗಲಿಗೆ ಹಾಕಿ ಕನ್ನಡಿ ಮುಂದೆ ನಿಂತು ನೋಡಿ, ಹೊರಗೆ ಹೋಗಿ ಪ್ಯಾರಿಸ್‌ನಲ್ಲಿರುವವಳಿಗೆ ಮೆಸೇಜ್ ಹಾಕುತ್ತಾಳೆ. ನಾವು ಯಾವತ್ತೂ ರಿಯಾಯಿತಿ ಕೊಡುವುದಿಲ್ಲ ಎನ್ನುವ ಬ್ರ್ಯಾಂಡು ತನ್ನದೇ ಬೆಲೆಪಟ್ಟಿಯಿಂದ ಪ್ರಪಂಚಕ್ಕೆಲ್ಲ ರಿಯಾಯಿತಿ ಹಂಚಿದ ಹಾಗಾಯಿತು ಅಲ್ವಾ?

ಇದನ್ನು ಬಹಿರಂಗವಾಗಿ ಒಪ್ಪಿಕೊಂಡು ಕೈಹಾಕಿದ್ದು ಫ್ರಾನ್ಸಿನ ಶನೆಲ್, 2015ರಲ್ಲಿ. ಆಗ ಯುರೋ ಕುಸಿದಿತ್ತು, ಚೀನಾ ಮತ್ತು ಯುರೋಪಿನ ಬೆಲೆಗಳ ನಡುವಿನ ಅಂತರ ವಿಪರೀತವಾಗಿತ್ತು. ಕೆಲವು ಹೆಸರಾಂತ ಬ್ಯಾಗುಗಳಿಗೆ ಯುರೋಪಿನಲ್ಲಿ ಸುಮಾರು ಶೇ 20ರಷ್ಟು ಏರಿಸಿ, ಚೀನಾದಲ್ಲಿ ಹೆಚ್ಚುಕಡಿಮೆ ಅಷ್ಟೇ ಇಳಿಸಿದರು. ಚೀನಾದ ಅಂಗಡಿಗಳ ಮುಂದೆ ಸಾಲು ನಿಂತಿತು. ಹಾಗಾದರೆ ಹಿಂದಿನ ತಿಂಗಳು ಹಳೆ ಬೆಲೆ ಕೊಟ್ಟು ಕೊಂಡವಳ ಕಥೆ? ಈ ವ್ಯಾಪಾರದಲ್ಲಿ ಬೆಲೆ ಇಳಿಸುವುದಕ್ಕೆ ಎಲ್ಲರೂ ಹೆದರುವುದು ಅದಕ್ಕೇ. ಇಳಿಸಿದ ದಿನ ಹಳೆ ಗಿರಾಕಿಗೆ ಅವಮಾನ.

ಚೀನಾ ಸರ್ಕಾರವೂ ಸುಮ್ಮನೆ ಕೂರಲಿಲ್ಲ. ತನ್ನ ಜನ ಹೊರಗೆ ಹೋಗಿ ಖರ್ಚು ಮಾಡುವುದು ಅದಕ್ಕೂ ಬೇಡವಾಗಿತ್ತು. 2018ರಲ್ಲಿ ಬಟ್ಟೆ, ಚಪ್ಪಲಿ ಮುಂತಾದವುಗಳ ಮೇಲಿನ ಸರಾಸರಿ ಆಮದು ಸುಂಕವನ್ನು ಶೇ 15.9ರಿಂದ 7.1ಕ್ಕೆ ಇಳಿಸಿತು. ಮರುವರ್ಷ ವ್ಯಾಟ್ ಇಳಿಸಿತು, ಲೂಯಿ ವಿಟಾನ್, ಗುಚಿಯಂಥವರು ಬೆಲೆ ಸ್ವಲ್ಪ ತಗ್ಗಿಸಿದರು. ಬ್ರಿಟನ್ ಮಾಡಿದ್ದು ಇದರ ಉಲ್ಟಾ. 2021ರಿಂದ ಪ್ರವಾಸಿಗಳಿಗೆ ವ್ಯಾಟ್ ವಾಪಸ್ ಕೊಡುವುದನ್ನೇ ನಿಲ್ಲಿಸಿತು. ಲಂಡನ್‌ನ ವ್ಯಾಪಾರಿಗಳು ಇಂದಿಗೂ ಗೊಣಗುತ್ತಿದ್ದಾರೆ.

ಇಷ್ಟೆಲ್ಲ ಆದರೂ ಅಂತರ ಪೂರ್ತಿ ಮುಚ್ಚುವುದಿಲ್ಲ. ಕರೆನ್ಸಿ ದಿನವೂ ಅಲ್ಲಾಡುತ್ತದೆ, ಟ್ಯಾಗ್ ಅಲ್ಲಾಡುವ ಹಾಗಿಲ್ಲ. 2024ರಲ್ಲಿ ಜಪಾನಿನ ಕರೆನ್ಸಿ ಯೆನ್ ಬಿದ್ದಾಗ ಚೀನಾದ ಪ್ರವಾಸಿಗಳು ಜಪಾನಿಗೆ ಮುಗಿಬಿದ್ದರು. ಬ್ರ್ಯಾಂಡು ಅಲ್ಲಿನ ಟ್ಯಾಗ್ ಬೆಲೆ ಏರಿಸಿದರೆ ಸಂಬಳ ಏರದ ಜಪಾನಿನ ಗಿರಾಕಿಗೆ ಸಿಟ್ಟು, ಏರಿಸದಿದ್ದರೆ ಶಾಂಘೈ ಅಂಗಡಿಗೆ ಹೊಡೆತ.

ಜಪಾನ್ ಅಂದಾಗ ಲಂಡನ್ನಿನ ಬ್ರ್ಯಾಂಡ್ ಬರ್ಬೆರಿ ಕಥೆ ಹೇಳಲೇಬೇಕು. 1970ರಿಂದ ಸಾನ್ಯೊ ಶೋಕಾಯ್ ಎಂಬ ಜಪಾನಿ ಕಂಪನಿಗೆ ಬರ್ಬೆರಿ ಹೆಸರಿನ ಲೈಸೆನ್ಸ್ ಇತ್ತು. ಬ್ಲೂ ಲೇಬಲ್, ಬ್ಲ್ಯಾಕ್ ಲೇಬಲ್ ಎಂದು ಅವರೇ ಬಟ್ಟೆ ಮಾಡಿ, ಲಂಡನ್ನಿನದಕ್ಕಿಂತ ತುಂಬಾ ಕಡಿಮೆ ಬೆಲೆಗೆ ಮಾರುತ್ತಿದ್ದರು. ಲೈಸೆನ್ಸ್ ಹಣ ಸುಲಭದ ಹಣ, ಆದರೆ ಹೆಸರು ಒಂದೇ ಇದ್ದು ದರ್ಜೆ ಎರಡಾಯಿತು. 2015ರಲ್ಲಿ ಬರ್ಬೆರಿ ಅದನ್ನು ಮುಗಿಸಿ, ತನ್ನದೇ ಅಂಗಡಿಗಳಲ್ಲಿ ಲಂಡನ್ ಮಾಲನ್ನು ಮಾತ್ರ ಇಟ್ಟಿತು. ವರ್ಷ ವರ್ಷ ಬರುತ್ತಿದ್ದ ಆ ಹಣವನ್ನು ಬಿಟ್ಟುಕೊಟ್ಟಿದ್ದು ಒಳ್ಳೆ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಬೆಲೆಯ ಮೇಲೆ ಹಿಡಿತ ಬೇಕಾದರೆ ಅಂಗಡಿ ನಿನ್ನದಾಗಿರಬೇಕು, ಮಾಲೂ ನಿನ್ನದಾಗಿರಬೇಕು. ಅದೇ ಹಟ ಅತಿಯಾದಾಗ ಏನಾಗುತ್ತದೆ ಎಂಬುದಕ್ಕೂ ಬರ್ಬೆರಿಯೇ ಉದಾಹರಣೆ. ಮಾರಾಟವಾಗದ ಮಾಲನ್ನು ಅಗ್ಗಕ್ಕೆ ಬಿಡಲು ಮನಸ್ಸಿಲ್ಲದೆ 2017–18ರಲ್ಲಿ 2.86 ಕೋಟಿ ಪೌಂಡ್ ಮೌಲ್ಯದ ವಸ್ತುಗಳನ್ನು ನಾಶ ಮಾಡಿದ್ದು ವಾರ್ಷಿಕ ವರದಿಯಲ್ಲೇ ಇತ್ತು. ಜನ ಉಗಿದ ಮೇಲೆ ನಿಲ್ಲಿಸಿದರು.

ಇಳಿಸುವಂತಿಲ್ಲ ಎಂದಾದ ಮೇಲೆ ಅಂತರ ಮುಚ್ಚಲು ಉಳಿದದ್ದು ಒಂದೇ ದಾರಿ, ಎಲ್ಲ ಕಡೆ ಏರಿಸುವುದು. 2019ರಿಂದ 2024ರೊಳಗೆ ಶನೆಲ್‌ನ ಕ್ಲಾಸಿಕ್ ಬ್ಯಾಗಿನ ಬೆಲೆ ಹತ್ತಿರಹತ್ತಿರ ಎರಡರಷ್ಟಾಯಿತು. ಅದೇ 2024ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಬ್ಯಾಗ್ ಮಾಡಿಕೊಡುವ ಗುತ್ತಿಗೆದಾರರ ಬಗ್ಗೆ ನಡೆದ ತನಿಖೆಯಿಂದ ಇನ್ನೊಂದು ಲೆಕ್ಕ ಹೊರಬಿತ್ತು. ಅಂಗಡಿಯಲ್ಲಿ 2,600 ಯುರೋ ಇರುವ ಡಿಯೋರ್ ಬ್ಯಾಗ್ ಒಂದನ್ನು ಜೋಡಿಸಲು ಗುತ್ತಿಗೆದಾರನಿಗೆ ಸಿಗುತ್ತಿದ್ದದ್ದು 53 ಯುರೋ. ಚರ್ಮದ ಖರ್ಚು ಇದರಲ್ಲಿ ಸೇರಿಲ್ಲ, ನಿಜ. ಆದರೂ ಎಂಥವರಿಗೂ ಆ ಎರಡು ಅಂಕಿ ಒಟ್ಟಿಗೆ ಕಂಡರೆ ಕೊಳ್ಳುವ ಕೈ ಒಂದು ಕ್ಷಣ ತಡೆಯುತ್ತದೆ.

ಎಲ್ಲರೂ ಬೆಲೆ ಏರಿಸಿದರು, ಎಲ್ಲರಿಗೂ ದಕ್ಕಲಿಲ್ಲ. 2025ರಲ್ಲಿ ಅಮೆರಿಕ ಹೊಸ ಸುಂಕ ಹಾಕಿದಾಗ ಫ್ರಾನ್ಸಿನ ಎರ್ಮೆಸ್ ನೇರವಾಗಿ, ಮೇ 1ರಿಂದ ಅಮೆರಿಕದಲ್ಲಿ ಬೆಲೆ ಏರಿಸಿ ಆ ಸುಂಕವನ್ನು ಸರಿದೂಗಿಸುತ್ತೇವೆ ಎಂದುಬಿಟ್ಟಿತು. ಎರ್ಮೆಸ್‌ನ ಹೆಸರಾಂತ ಬರ್ಕಿನ್ ಬ್ಯಾಗಿಗೆ ಕಾಯುವವರು ಅಷ್ಟಕ್ಕೆಲ್ಲ ಸಾಲು ಬಿಟ್ಟು ಹೋಗುವವರಲ್ಲ, ತಮ್ಮ ಮುಂದಿನವರು ಯಾರಾದರೂ ಹೋಗಲಿ ಎಂದು ಕಾಯುವವರು. ಬರ್ಬೆರಿಗೆ ಆ ಧೈರ್ಯ ಫಲ ಕೊಡಲಿಲ್ಲ. ಬ್ಯಾಗುಗಳನ್ನು ತೀರಾ ದುಬಾರಿ ಮಾಡಿ, ಮಾರಾಟ ಕುಸಿದು, 2024ರಲ್ಲಿ ಸಿಇಒ ಬದಲಾದರು. ಲಂಡನ್ ಷೇರುಪೇಟೆಯ ನೂರು ದೊಡ್ಡ ಕಂಪನಿಗಳ ಎಫ್‌ಟಿಎಸ್‌ಇ 100 ಸೂಚ್ಯಂಕದಿಂದಲೂ ಆ ವರ್ಷ ಕಂಪನಿ ಹೊರಬಿತ್ತು. ಹೊಸಬರು ಬಂದವರೇ ಮತ್ತೆ ಟ್ರೆಂಚ್ ಕೋಟು, ಸ್ಕಾರ್ಫ್ ಕಡೆ ತಿರುಗಿದರು. ಮಳೆ ಕೋಟಿಗೆ ಬರ್ಬೆರಿ ಕೇಳಿದಷ್ಟು ಕೊಡಲು ಜನ ಈಗಲೂ ತಯಾರಿದ್ದಾರೆ, ಬ್ಯಾಗಿಗೆ ಅಷ್ಟು ಕೊಡುವುದಾದರೆ ಅವರು ಇಟಲಿಯ ಅಥವಾ ಫ್ರಾನ್ಸಿನ ಅಂಗಡಿಗೆ ಹೋಗುತ್ತಾರೆ.