ಕ್ಯೋಟೋದ ಊಟದಲ್ಲಿ ಸಿಕ್ಕ ಕಳಲೆ

ಅಮ್ಮ ಜಪಾನಿಗೆ ಬಂದಾಗ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ತಿನ್ನುವ ಸಾಮಾನೇ ಜಾಸ್ತಿ ಇತ್ತು. ಚಟ್ನಿಪುಡಿ, ಹಲಸಿನ ಹಪ್ಪಳ, ಒಂದು ಬಾಟಲಿ ಅಪ್ಪೆಮಿಡಿ. "ಅಲ್ಲಿ ಹಸಿ ಮೀನು ತಿಂತಾರಂತೆ, ನಂಗಾಗಲ್ಲ ಮಾರಾಯ" ಅಂತ ಕೊಪ್ಪದಿಂದ ಹೊರಡುವ ಮೊದಲೇ ಫೋನಿನಲ್ಲಿ ಹೇಳಿದ್ದಳು. ಮೀನು ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಸಲ ಆಗುತ್ತದೆ, ಅದು ಬೇರೆ ಮಾತು. ಹಸಿಯದ್ದು ಮಾತ್ರ ಬೇಡ.

ನಾನು ಒಸಾಕಾದಲ್ಲಿ ಕೆಲಸ ಮಾಡುವುದು. ಅಮ್ಮ ಬರುವುದು ಖಾತ್ರಿ ಆದ ದಿನವೇ ಕ್ಯೋಟೋದ ಹೀರಾಗಿಯಾದಲ್ಲಿ ಏಪ್ರಿಲ್ ನಡುವಿನ ಒಂದು ರಾತ್ರಿಗೆ ಕೋಣೆ ಹಿಡಿದಿದ್ದೆ. 1818ರಲ್ಲಿ ಶುರುವಾದ ರ‍್ಯೊಕಾನ್ ಅದು, ಅಂದರೆ ಹಳೇ ಕಾಲದ ಜಪಾನಿ ವಸತಿಗೃಹ. ಇಬ್ಬರಿಗೆ ಒಂದು ರಾತ್ರಿ, ರಾತ್ರಿ ಊಟ ಮತ್ತು ಬೆಳಗಿನ ತಿಂಡಿ ಸೇರಿ ಎಷ್ಟಾಯಿತು ಅಂತ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಹೇಳುವುದೂ ಇಲ್ಲ.

ಒಸಾಕಾದಿಂದ ಕ್ಯೋಟೋಗೆ ರೈಲಿನಲ್ಲಿ ಅರ್ಧ ಗಂಟೆ, ಆಮೇಲೆ ಮೆಟ್ರೋ. ಇಳಿದು ಫುಯಾಚೋ ಅನ್ನುವ ಸಣ್ಣ ಬೀದಿಗೆ ನಡೆದೆವು. ಬೋರ್ಡು, ಲೈಟು ಅಂತ ಏನೂ ಆರ್ಭಟ ಇಲ್ಲ. ಒಂದು ಮಗ್ಗುಲಲ್ಲಿ ಹೀರಾಗಿಯಾ, ಎದುರಿಗೇ ಅಷ್ಟೇ ಹೆಸರಾದ ತವಾರಾಯಾ. ಬಾಗಿಲ ಮುಂದಿನ ಕಲ್ಲಿಗೆ ಆಗಷ್ಟೇ ನೀರು ಚಿಮುಕಿಸಿದ್ದರು. ಅಮ್ಮನಿಗೆ ಮೊದಲು ಕಂಡದ್ದು ಅದೇ. "ಸಂಜೆ ಅಂಗಳಕ್ಕೆ ನೀರು ಹಾಕ್ತಾರೆ ನೋಡು ಇವರೂ" ಅಂದಳು.

ಒಳಗೆ ಹೋಗುತ್ತಿದ್ದಂತೆ ಗೋಡೆಯಲ್ಲಿ ಒಂದು ಬರಹದ ಹಲಗೆ ಕಾಣುತ್ತದೆ. ಬಂದವರಿಗೆ ತಮ್ಮ ಮನೆಗೇ ಮರಳಿದ ಹಾಗಿರಲಿ ಅನ್ನುವ ಅರ್ಥ. ಚಪ್ಪಲಿ ಹೊರಗೇ ಬಿಡಬೇಕು ಅಂದದ್ದಕ್ಕೆ ಅಮ್ಮನಿಗೆ ಭಾರೀ ಸಮಾಧಾನ. ನಮ್ಮ ಕೋಣೆ ನೋಡಿಕೊಳ್ಳುವ ಹೆಂಗಸು, ಅವರನ್ನು ನಾಕಾಯಿ ಸಾನ್ ಅನ್ನುತ್ತಾರೆ, ಕಿಮೋನೋ ಉಟ್ಟು ಮಂಡಿಯೂರಿ ಬಗ್ಗಿ ನಮಸ್ಕಾರ ಮಾಡಿದರು. ಅಮ್ಮನೂ ಬಗ್ಗಿದಳು. ಅವರು ಇನ್ನಷ್ಟು ಬಗ್ಗಿದರು. ಅಮ್ಮ ಬಿಡುತ್ತಾಳಾ? ನಾನು ನಡುವೆ ಬಂದು ಇಬ್ಬರನ್ನೂ ನಿಲ್ಲಿಸಬೇಕಾಯಿತು.

ಕೋಣೆಯಲ್ಲಿ ಕುರ್ಚಿ ಮಂಚ ಇಲ್ಲ. ತತಾಮಿ ಚಾಪೆ, ತಗ್ಗು ಮೇಜು, ಗೋಡೆಯ ಗೂಡಿನಲ್ಲಿ ಒಂದು ಸುರುಳಿ ಚಿತ್ರ, ಅದರ ಕೆಳಗೆ ಒಂದೇ ಒಂದು ಹೂವು. ನೊಬೆಲ್ ಪಡೆದ ಕವಾಬಾತಾ, ಚಾರ್ಲಿ ಚಾಪ್ಲಿನ್ ಎಲ್ಲ ಉಳಿದ ಮನೆ ಇದು ಅಂತ ನಾನು ಹೇಳುತ್ತಿದ್ದರೆ ಅಮ್ಮ ಸೋರೆಬುರುಡೆ ಆಕಾರದ, ಮೆರುಗೆಣ್ಣೆ ಬಳಿದ ಸ್ವಿಚ್ಚೊಂದನ್ನು ಹಿಡಿದು ಲೈಟು ಹಾಕುವುದು ಆರಿಸುವುದು ಮಾಡುತ್ತಿದ್ದಳು. ಚಾಪ್ಲಿನ್ ಯಾರು ಅಂತ ಗೊತ್ತು, ಆದರೆ ಸ್ವಿಚ್ಚು ಜಾಸ್ತಿ ಇಷ್ಟವಾಯಿತು.

ಊಟಕ್ಕೆ ಮೊದಲು ಸ್ನಾನ. ಮರದ ತೊಟ್ಟಿ ತುಂಬ ಬಿಸಿನೀರು. ಮೊದಲು ಹೊರಗೆ ಕೂತು ಸೋಪು ಹಚ್ಚಿ ಮೈ ತೊಳೆದು, ಆಮೇಲೆ ತೊಟ್ಟಿಗೆ ಇಳಿದು ಸುಮ್ನೆ ಕೂರಬೇಕು, ನೀರು ಮುಂದಿನವರಿಗೂ ಅದೇ. ಇಷ್ಟನ್ನೂ ಹೇಳಿದ್ದೆ, ಕೊನೆಯದನ್ನು ಬಿಟ್ಟು. ಅಮ್ಮ ಸ್ನಾನ ಮುಗಿಸಿ, ನನಗೆ ಬಳಸಿದ ನೀರು ಯಾಕೆ ಅಂತ ಬಿರಡೆ ಎಳೆದು ತೊಟ್ಟಿ ಪೂರಾ ಖಾಲಿ ಮಾಡಿ, ಮೇಲಿಂದ ತೊಳೆದೂ ಇಟ್ಟಿದ್ದಳು! ನಾನು ಟವೆಲ್ ಸುತ್ತಿಕೊಂಡು ತೊಟ್ಟಿ ತುಂಬುವುದನ್ನೇ ನೋಡುತ್ತ ನಿಂತೆ.

ಇನ್ನು ಊಟ. ಅದಕ್ಕೇ ಹೋದದ್ದು ತಾನೆ.

ಕೈಸೆಕಿ ಊಟ ಒಂದೇ ಸಲ ಬರುವುದಿಲ್ಲ. ಒಂದೊಂದೇ ಬಟ್ಟಲು, ಒಂದೊಂದೇ ತಟ್ಟೆ. ನಾಕಾಯಿ ಸಾನ್ ಪ್ರತಿ ಸಲ ಹೊರಗೆ ಮಂಡಿಯೂರಿ ಜಾರುಬಾಗಿಲು ಸರಿಸಿ ಒಳಗೆ ಬಂದು ಇಟ್ಟು, ಮತ್ತೆ ಮಂಡಿಯೂರಿ ಬಾಗಿಲು ಹಾಕಿ ಹೋಗುತ್ತಾರೆ. "ಪಾಪ, ಅವರ ಮಂಡಿ ನೋಯಲ್ವಾ?" ಅಂತ ಅಮ್ಮ ನಾಲ್ಕು ಸಲ ಕೇಳಿದಳು. ಏನು ಬರುತ್ತದೆ ಅನ್ನುವುದು ನಾವು ಹೇಳುವಂಥದ್ದಲ್ಲ, ಆ ವಾರದ ಹೊಲ, ಕಾಡು, ಸಮುದ್ರ ಹೇಳುವಂಥದ್ದು. ಇವರಲ್ಲಿ ಒಂದೇ ತರಕಾರಿಯ ಕಾಲಕ್ಕೂ ಮೂರು ಹೆಸರಿದೆ. ಮೊದಲ ಫಸಲು ಹಾಶಿರಿ, ಹದವಾಗಿ ಸಿಗುವಾಗ ಶುನ್, ಮುಗಿಯುತ್ತ ಬಂದಾಗ ನಾಗೊರಿ. ಬೀಳ್ಕೊಡುವಾಗ ಮನಸ್ಸು ಹಿಂದೆ ಎಳೆಯುತ್ತದಲ್ಲ, ಆ ಭಾವವೂ ನಾಗೊರಿಯಲ್ಲಿ ಸೇರಿದೆ. ಮಾವಿನಹಣ್ಣಿನ ವಿಷಯದಲ್ಲಿ ನಮಗೂ ಹಾಗೇ ಆಗುತ್ತದೆ, ಹೆಸರು ಇಟ್ಟಿಲ್ಲ ಅಷ್ಟೆ.

ಹಸ್ಸುನ್ ಅಂತ ಒಂದು ತಟ್ಟೆ ಬಂತು. ಎಂಟು ಸುನ್ ಅಳತೆಯ ಚೌಕ, ಸುಮಾರು 24 ಸೆಂ.ಮೀ. ಅದರಲ್ಲಿ ಸಮುದ್ರದ್ದು ಸ್ವಲ್ಪ, ಬೆಟ್ಟದ್ದು ಸ್ವಲ್ಪ, ಒಂದೊಂದು ತುತ್ತಿನಷ್ಟು. ಬೆಟ್ಟದ್ದರಲ್ಲಿ ತುದಿ ಸುರುಳಿ ಸುತ್ತಿದ ಹಸಿರು ಎಳೆಯೊಂದಿತ್ತು. ಕೊಗೋಮಿ. ಅಮ್ಮ ಚಾಪ್‌ಸ್ಟಿಕ್ ಬಿಟ್ಟು ಕೈಯಲ್ಲೇ ಎತ್ತಿ ತಿರುಗಿಸಿ ನೋಡಿದಳು. ಕೊಡಗಿನಲ್ಲಿ ಮಳೆಗಾಲದಲ್ಲಿ ತಿನ್ನುವ ತೆರ್ಮೆ ಸೊಪ್ಪಿನ ಜಾತಿಯದ್ದೇ, ಜರೀಗಿಡದ ಎಳೇ ಕುಡಿ.

ಆಮೇಲೆ ಮುಚ್ಚಳ ಇರುವ ಕಪ್ಪು ಬಟ್ಟಲು. ಒಳಗಿನ ಹಬೆಗೆ ಮುಚ್ಚಳ ಕಚ್ಚಿಕೊಂಡಿತ್ತು, ಎಳೆದರೆ ಬರಲಿಲ್ಲ. ನಾಕಾಯಿ ಸಾನ್ ತೋರಿಸಿಕೊಟ್ಟರು: ಎಳೆಯಬಾರದು, ಬಟ್ಟಲಿನ ಅಂಚನ್ನು ಎರಡೂ ಬದಿಯಿಂದ ಮೆತ್ತಗೆ ಅಮುಕಬೇಕು. ಅಮುಕಿದ್ದೇ ಸಣ್ಣಗೆ ಉಸಿರು ಬಿಟ್ಟಂತೆ ಸದ್ದಾಗಿ ಮುಚ್ಚಳ ಕೈಗೆ ಬಂತು. ತಿಳಿ ಸಾರು, ಸ್ವಲ್ಪ ವಕಾಮೆ ಪಾಚಿ, ಅದರ ನಡುವೆ ಬಿಳೀ ಹೋಳು, ಬಾಚಣಿಗೆ ಹಲ್ಲಿನ ಹಾಗೆ ಒಳಗೆಲ್ಲ ಗೂಡು ಗೂಡು.

"ಎಂತದಾ ಇದು, ಕಳಲೆ ಅಲ್ಲನಾ?"

ಕಳಲೆಯೇ. ತಾಕೆನೋಕೊ ಅನ್ನುತ್ತಾರೆ, ಬಿದಿರಿನ ಮಗು ಅಂತ ಅರ್ಥ. ಕ್ಯೋಟೋದ ಪಶ್ಚಿಮಕ್ಕಿರುವ ನಾಗಾವೊಕಾಕ್ಯೋ ಕಡೆಯದ್ದಕ್ಕೆ ಹೆಸರು ಜಾಸ್ತಿ. ಅಲ್ಲಿ ಬಿದಿರು ಮೆಳೆ ಅಂದರೆ ತೋಟ. ಚಳಿಗಾಲದಲ್ಲಿ ನೆಲಕ್ಕೆ ಹುಲ್ಲು ಹಾಸಿ ಮೇಲೆ ಹೊಸ ಮಣ್ಣು ಹರಡುತ್ತಾರೆ, ಮಣ್ಣು ಸಡಿಲವಾಗಿರಲಿ ಅಂತ. ತುದಿ ಹೊರಗೆ ಬಂದು ಬಿಸಿಲು ಕಂಡರೆ ಬಲಿತು ಕಹಿಯಾಗುತ್ತದೆ. ಅದಕ್ಕೇ ನೆಲ ಕೊಂಚ ಬಿರುಕು ಬಿಟ್ಟ ಕಡೆ ಹುಡುಕಿ, ಉದ್ದನೆಯ ಗುದ್ದಲಿಯಲ್ಲಿ ಬೆಳಗಿನ ಹೊತ್ತೇ ಅಗೆದು ತೆಗೆಯುತ್ತಾರೆ.

ಅಮ್ಮನ ಪ್ರಶ್ನೆ ಬೇರೆಯೇ ಇತ್ತು. "ಕಹಿ ಹೆಂಗೆ ತೆಗಿತಾರಂತೆ, ಕೇಳು."

ನಮ್ಮ ಕಡೆ ಮೊದಲ ಮಳೆ ಬಿದ್ದ ಮೇಲೆ ಕಳಲೆ ಬರುವುದು. ಹೆಚ್ಚಿ ಮೂರು ದಿನ ನೀರಿನಲ್ಲಿ ನೆನೆಸಿ, ದಿನಾ ನೀರು ಬದಲಿಸಬೇಕು. ಇಲ್ಲದಿದ್ದರೆ ವಿಷ, ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ. ನನ್ನ ಹರಕು ಜಪಾನಿಯಲ್ಲಿ ಕೇಳಿದೆ. ನಾಕಾಯಿ ಸಾನ್ ಮುಖ ಅರಳಿತು. ಸಿಪ್ಪೆ ಸಮೇತ ತುದಿ ಕೊಯ್ದು, ನುಕಾ ಮತ್ತು ಒಣಮೆಣಸು ಹಾಕಿದ ನೀರಿನಲ್ಲಿ ಬೇಯಿಸಿ, ಅದೇ ನೀರಿನಲ್ಲಿ ಆರಲು ಬಿಡುವುದಂತೆ. ನುಕಾ ಅಂದರೆ ಅಕ್ಕಿಯ ತೌಡು.

"ತೌಡಾ? ನಾವು ದನಕ್ಕೆ ಹಾಕ್ತೀವಪ್ಪ!"

ಇದನ್ನು ಹೇಗೆ ಅನುವಾದ ಮಾಡಲಿ? ನಾನು ಮಾಡಲಿಲ್ಲ, ಅಮ್ಮನೇ ತಲೆಗೆ ಎರಡು ಬೆರಳು ಕೊಂಬಿನ ಹಾಗೆ ಇಟ್ಟು ತೋರಿಸಿದಳು. ನಾಕಾಯಿ ಸಾನ್ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕದ್ದು ನೋಡಬೇಕಿತ್ತು.

ಹಸಿ ಮೀನೂ ಬಂತು. ತಾಯಿ ಅನ್ನುವ ಮೀನು, ಚೆರ್ರಿ ಹೂವಿನ ಕಾಲದಲ್ಲಿ ಬರುವುದಕ್ಕೆ ಸಾಕುರಾ ದಾಯಿ ಅಂತಲೇ ಹೆಸರು. ಅಮ್ಮ ಒಂದು ಹೋಳನ್ನು ಉಳಿದ ಸಾರಿನಲ್ಲಿ ಎರಡು ನಿಮಿಷ ಅದ್ದಿಟ್ಟಳು. ಅಂಚು ಮಾತ್ರ ಬೆಳ್ಳಗಾಯಿತು. ಕಣ್ಣು ಮುಚ್ಚಿ ನುಂಗಿ, ಉಳಿದದ್ದನ್ನೆಲ್ಲ ನನ್ನ ಕಡೆ ತಳ್ಳಿದಳು. ನನಗೇನು ನಷ್ಟ?

ಮತ್ತೆ ಕಳಲೆ ಬಂತು, ಈ ಸಲ ಕಿನೊಮೆ ಎಲೆ ಅರೆದು ಬಿಳೀ ಮಿಸೋದಲ್ಲಿ, ಅಂದರೆ ಹುಳಿಬರಿಸಿದ ಸೋಯಾ ಹಿಟ್ಟಿನಲ್ಲಿ, ಕಲಸಿದ್ದು. ಕಿನೊಮೆ ಅಂದರೆ ಸಾನ್‌ಶೋ ಗಿಡದ ಚಿಗುರು. ಅಲಂಕಾರಕ್ಕೆ ಇಡುವಾಗ ಅಂಗೈ ಮೇಲಿಟ್ಟು ಒಂದು ಸಲ ಪಟ್ ಅಂತ ಹೊಡೆಯುತ್ತಾರೆ, ಘಮ ಏಳಲಿ ಅಂತ. ನಾಲಿಗೆ ಸಣ್ಣಗೆ ಜುಮ್ ಅಂತು. ಕುಮಟಾ ಕಡೆ ಬಂಗುಡೆ ಸಾರಿಗೆ ಜುಮ್ಮನಕಾಯಿ ಹಾಕುತ್ತಾರಲ್ಲ, ಕೊಂಕಣಿಯಲ್ಲಿ ತಿರ್ಫಲ ಅನ್ನುವುದು, ಅದರ ಹತ್ತಿರದ ನೆಂಟ. ಕೊನೆಗೆ ಕಳಲೆ ಹಾಕಿದ ಅನ್ನ. ಅಮ್ಮ ಬ್ಯಾಗಿನಿಂದ ಅಪ್ಪೆಮಿಡಿ ಬಾಟಲಿ ತೆಗೆಯುತ್ತಾಳೇನೋ ಅಂತ ನನಗೆ ಒಳಗೊಳಗೇ ಹೆದರಿಕೆ ಇತ್ತು. ತೆಗೆಯಲಿಲ್ಲ. ಎರಡನೇ ಸಲ ಹಾಕಿಸಿಕೊಂಡಳು.

ನಾವು ತೋಟದ ಕಡೆ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಮೇಜು ಸರಿಸಿ ಹಾಸಿಗೆ ಹಾಸಿ ಆಗಿತ್ತು. ಬೆಳಿಗ್ಗೆ ನಾನು ಏಳುವಾಗ ಅಮ್ಮ ಎರಡೂ ಹಾಸಿಗೆ ಮಡಚಿ ಮೂಲೆಗೆ ಪೇರಿಸಿ, ರಾತ್ರಿ ಉಡುವ ಹತ್ತಿಯ ನಿಲುವಂಗಿ ಯುಕಾತಾವನ್ನೂ ಮಡಚಿ ಮೇಲಿಟ್ಟಿದ್ದಳು. ನನ್ನ ಹಾಸಿಗೆ ಹೇಗೆ ಎಳೆದಳೋ ಗೊತ್ತಿಲ್ಲ. ನಾಕಾಯಿ ಸಾನ್ ಬಂದು ನೋಡಿ ಗಾಬರಿಯಾಗಿ ಕ್ಷಮೆ ಕೇಳತೊಡಗಿದರು, ಅಮ್ಮ ಅದಕ್ಕೂ ಬಗ್ಗಿದಳು, ಮತ್ತೆ ಶುರು. ತಿಂಡಿಗೆ ಬಿಸಿನೀರಿನಲ್ಲಿ ಕುದಿಸಿದ ತೋಫು, ಸುಟ್ಟ ಮೀನು, ಅನ್ನ, ಮಿಸೋ ಸಾರು. ಕೆಂಪು ಶಿಸೋ ಎಲೆ ಹಾಕಿ ಮಾಡಿದ ಬದನೆಕಾಯಿ ಉಪ್ಪಿನಕಾಯಿ, ಶಿಬಾಜುಕೆ, ಅಮ್ಮನಿಗೆ ಎಷ್ಟು ಹಿಡಿಸಿತೆಂದರೆ ಹೋಗುವಾಗ ನಿಶಿಕಿ ಮಾರ್ಕೆಟ್ಟಿನಲ್ಲಿ ಮೂರು ಪ್ಯಾಕೆಟ್ ಕೊಂಡಳು.

ಹೊರಡುವಾಗ ಅವರು ಬೀದಿಗೇ ಬಂದು ನಿಂತರು. ನಾವು ತಿರುವು ದಾಟುವ ತನಕ ಕೈ ಬೀಸುತ್ತಲೇ ಇದ್ದರು.

ಜುಲೈಯಲ್ಲಿ ಅಮ್ಮನ ಫೋನ್ ಬಂತು. ಮಿಲ್ಲಿನಿಂದ ತೌಡು ತರಿಸಿ, ಒಣಮೆಣಸು ಹಾಕಿ ಕಳಲೆ ಬೇಯಿಸಿ ನೋಡಿದಳಂತೆ.

"ಹೆಂಗಾಯ್ತು?"

"ಕಹಿ ಪೂರ್ತಿ ಹೋಗ್ಲಿಲ್ಲ ಕಣಾ. ಆಮೇಲೆ ಮೂರು ದಿನ ನೆನೆಸೇ ಹಾಕ್ದೆ. ಆ ತೌಡಿನ ನೀರು ಗೌರಿಗೆ ಕೊಟ್ಟೆ, ಮೂಸಿ ನೋಡಿ ಮುಖ ತಿರುಗಿಸ್ತು. ಮೆಣಸಿಂದ ಇರಬೇಕು."